ಚಮಚದಷ್ಟು ಬ್ರಾಂಡಿ: ಕೂಸಿನ ಬಾಯಿಗೆ ಮದ್ಯ ಹಾಕುವ ರೂಢಿಯ ಚರಿತ್ರೆ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತಿನ ಮಾತು ಸ್ವಲ್ಪ ಮನೆಯೊಳಗಿನದು.

ಹುಬ್ಬಳ್ಳಿ-ಧಾರವಾಡದಲ್ಲಿ ಮಳೆ ಹಿಡಿದು ಥಂಡಿ ಗಾಳಿ ಬೀಸೋಕೆ ಹತ್ತಿದರೆ ಸಣ್ಣ ಕೂಸುಗಳಿಗೆ ನೆಗಡಿ ಬರುತ್ತೆ. ಮೂಗು ಕಟ್ಟುತ್ತೆ, ರಾತ್ರಿಯೆಲ್ಲ ಅಳು. ಆಗ ಎಷ್ಟೋ ಮನೆಗಳಲ್ಲಿ ಇಂಥದೊಂದು ಮಾತುಕತೆ ನಡೆಯುತ್ತೆ.

“ಒಂದೀಟ ಬ್ರಾಂಡಿ ಬಿಸಿನೀರಾಗ ಹಾಕಿ ಕುಡಸವಾ, ಥಂಡಿ ಹೋಗತೈತಿ.”

“ಬ್ಯಾಡ್ರಿ ಅತ್ತಿ, ಡಾಕ್ಟ್ರು ಬ್ಯಾಡ ಅಂದಾರ.”

“ನಿನ್ನ ಗಂಡಗೂ ಸಣ್ಣಾಂವ ಇದ್ದಾಗ ಹಾಕೇನಿ. ಏನಾಗೇತಿ ಅವಗ?”

ಈ ಕೊನೇ ಪ್ರಶ್ನೆಗೆ ಸೊಸೆ ಹತ್ತಿರ ಉತ್ತರ ಇರೋದಿಲ್ಲ. ಗಂಡ ಎದುರಿಗೇ ಗಟ್ಟಿಮುಟ್ಟಾಗಿ ಕೂತಿರ್ತಾನೆ! ಹಾಗಾದ್ರೆ ಅತ್ತೆ ಹೇಳಿದ್ದು ಸರಿಯಾ? ಉತ್ತರ ಹುಡುಕಬೇಕಾದ್ರೆ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಮನೆಯಲ್ಲಿ ಯಾರೂ ಕುಡಿಯದೇ ಇದ್ದರೂ, ಕುಡಿತ ಅಂದ್ರೆ ಮುಖ ಸಿಂಡರಿಸುವ ಹಿರಿಯರೇ, ಕೂಸಿನ ಬಾಯಿಗೆ ಮಾತ್ರ ಬ್ರಾಂಡಿ ಯಾಕೆ ಹಾಕಿದರು? ಯಾಕಂದ್ರೆ ಅವರ ಕಣ್ಣಿಗೆ ಅದು ಮದ್ಯ ಆಗಿರಲಿಲ್ಲ. ಔಷಧಿ ಆಗಿತ್ತು. ಇವತ್ತಿನ ಕಥೆ ಇರೋದೇ ಈ ‘ಔಷಧಿ’ ಅನ್ನೋ ಶಬ್ದದಲ್ಲಿ.

ಮೊದಲು ಇಂಗ್ಲೆಂಡಿಗೆ ಹೋಗೋಣ, ಯಾಕಂದ್ರೆ ನಮ್ಮ ಮನೆಗಳ ಕಪಾಟಿಗೆ ಬಂದ ಒಂದು ಬಾಟಲಿ ಅಲ್ಲಿಂದಲೇ ಹೊರಟಿದ್ದು. 1851ರಲ್ಲಿ ನಾಟಿಂಗ್‌ಹ್ಯಾಮ್‌ನ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಗ್ರೈಪ್ ವಾಟರ್ ತಯಾರಿಸಿದ. ಅಲ್ಲಿನ ಜೌಗು ಸೀಮೆಯಲ್ಲಿ ಮಕ್ಕಳಿಗೆ ಬರುತ್ತಿದ್ದ ಚಳಿಜ್ವರಕ್ಕೆ ಕೊಡುತ್ತಿದ್ದ ಮದ್ದನ್ನು ನೋಡಿ, ಹೊಟ್ಟೆನೋವಿಗೆ ಅಳುವ ಕೂಸುಗಳಿಗೂ ಅಂಥದ್ದೇ ಒಂದು ಮಾಡಿದ. ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾದಂಥ ಕ್ಷಾರ, ಸಕ್ಕರೆ, ನೀರು, ಜೊತೆಗೆ ಆಲ್ಕೋಹಾಲ್. ಹಳೆಯ ಪಾಕದಲ್ಲಿ ಆಲ್ಕೋಹಾಲ್ ಪ್ರಮಾಣ ಶೇಕಡಾ 3.6. ಅಂದ್ರೆ ಇವತ್ತಿನ ಒಂದು ತೆಳು ಬಿಯರಿನಷ್ಟು. 1876ರಲ್ಲಿ ಆ ಹೆಸರು ಟ್ರೇಡ್‌ಮಾರ್ಕ್ ಆಯ್ತು, ಬ್ರಿಟಿಷರು ಹೋದಲ್ಲೆಲ್ಲ ಬಾಟಲಿಯೂ ಹೋಯ್ತು. ಅಮ್ಮ, ಅಜ್ಜಿ, ಮುತ್ತಜ್ಜಿ ಎಲ್ಲರೂ ಸಾಲಾಗಿ ಬಂದು ಅದನ್ನೇ ಕೊಡು ಅನ್ನುವ ಟಿವಿ ಜಾಹೀರಾತು ನಮ್ಮಲ್ಲಿ ಬಹಳ ಜನರಿಗೆ ಇನ್ನೂ ನೆನಪಿದೆ. ಬ್ರಿಟನ್ನಿನಲ್ಲಿ ಅದರಿಂದ ಆಲ್ಕೋಹಾಲ್ ತೆಗೆದದ್ದು 1990ರ ದಶಕದ ಆರಂಭದಲ್ಲಿ. ಸುಮಾರು 140 ವರ್ಷ ಬೇಕಾಯ್ತು. ಈಗ ಅದೇ ಹೆಸರಿನಲ್ಲಿ ನಮ್ಮಲ್ಲಿ ಮಾರುವುದರಲ್ಲಿ ಆಲ್ಕೋಹಾಲ್ ಇರೋದಿಲ್ಲ.

ಇದು ಬರೀ ವಿಲಾಯಿತಿಯವರ ಕಥೆ ಅಂತ ತಿಳೀಬೇಡಿ. ನಮ್ಮ ಆಯುರ್ವೇದದಲ್ಲಿ ಆಸವ, ಅರಿಷ್ಟ ಅಂತ ಎರಡು ಬಗೆ ಇವೆ. ಬೆಲ್ಲ ಹಾಕಿ, ಧಾತಕಿ ಹೂವು ಹಾಕಿ ಹುಳಿ ಬರಿಸುವ ಔಷಧಿಗಳು. ಹುಳಿ ಬಂದಾಗ ತಾನಾಗಿಯೇ ಆಲ್ಕೋಹಾಲ್ ಹುಟ್ಟುತ್ತೆ. ಅದರಲ್ಲಿ ತಾವರೆಯಿಂದ ಮಾಡುವ ಅರವಿಂದಾಸವ ಮಕ್ಕಳಿಗೆಂದೇ ಹೇಳಿದ್ದು. ವೈದ್ಯರು ಅದನ್ನ ಅಳತೆ ನೋಡಿ, ನೀರು ಬೆರೆಸಿ ಕೊಡೋಕೆ ಹೇಳ್ತಾರೆ. ಹಾಗಾಗಿ ಪೂರ್ವ ಇರಲಿ, ಪಶ್ಚಿಮ ಇರಲಿ, ಮಗುವಿನ ಔಷಧಿಯಲ್ಲಿ ಮದ್ಯಸಾರ ಇರೋದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಬ್ರಾಂಡಿಯನ್ನಂತೂ ಹಿಂದಿನ ದೊಡ್ಡ ದೊಡ್ಡ ಡಾಕ್ಟರುಗಳೇ ಬರೆದು ಕೊಡ್ತಿದ್ದರು. ನಮ್ಮ ಅಜ್ಜಿಯರು ಇದನ್ನ ತಾವೇ ಕಂಡುಹಿಡಿದದ್ದಲ್ಲ. ಅವರ ಕಾಲದ ವೈದ್ಯಶಾಸ್ತ್ರ ಹೇಳಿದ್ದನ್ನೇ ಮಾಡಿದರು. ಶಾಸ್ತ್ರ ಬದಲಾಯ್ತು, ಅವರಿಗೆ ಯಾರೂ ಹೋಗಿ ಹೇಳಲಿಲ್ಲ.

ಈಗ ನಮ್ಮೂರಿಗೆ ಬರೋಣ. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಸ್ವಾತಂತ್ರ್ಯ ಬಂದ ಮೇಲೆ ಮುಂಬೈ ಸರಕಾರ 1949ರಲ್ಲಿ ಪಾನನಿಷೇಧ ಕಾಯ್ದೆ ತಂತು. 1950ರಲ್ಲಿ ಇಡೀ ರಾಜ್ಯಕ್ಕೆ ಪಾನನಿಷೇಧ. ಹುಬ್ಬಳ್ಳಿಗೂ ಅದೇ, ಧಾರವಾಡಕ್ಕೂ ಅದೇ. ಆ ಕಾಯ್ದೆ ಎಷ್ಟು ಬಿಗಿ ಇತ್ತಂದ್ರೆ, ಆಲ್ಕೋಹಾಲ್ ಇರುವ ಔಷಧಿ, ಸುಗಂಧದ್ರವ್ಯ ಕೂಡ ಅದರ ಹಿಡಿತಕ್ಕೆ ಬಂದಿದ್ದವು.

ಎಫ್.ಎನ್. ಬಾಲ್ಸಾರಾ ಅನ್ನೋರು ಕೋರ್ಟಿಗೆ ಹೋದರು. ವಿಸ್ಕಿ, ಬ್ರಾಂಡಿ ಜೊತೆಗೆ ಔಷಧಿ, ಕೊಲೋನ್ ಇಟ್ಟುಕೊಳ್ಳೋದೂ ನನ್ನ ಹಕ್ಕು ಅಂತ ಅವರ ವಾದ. 1951ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡ್ತು. ಕುಡಿಯುವ ಮದ್ಯವನ್ನು ಸರಕಾರ ತಡೆಯಬಹುದು, ಆದರೆ ಆಲ್ಕೋಹಾಲ್ ಇರುವ ಔಷಧಿ ಮತ್ತು ಸೌಂದರ್ಯ ಸಾಮಗ್ರಿಗಳ ಮೇಲೆ ಆ ರೀತಿಯ ಪೂರಾ ನಿರ್ಬಂಧ ಸಲ್ಲದು ಅಂತ. ‘ಮದ್ಯ’ ಮತ್ತು ‘ಔಷಧಿ’ ನಡುವಿನ ಗೆರೆ ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಎಳೆಯಲ್ಪಟ್ಟಿದ್ದು ಹೀಗೆ. ಆ ಗೆರೆ ನಮ್ಮ ಮನೆಗಳೊಳಗೂ ಇತ್ತು. ಕುಡುಕನ ಬಾಟಲಿ ಬೇರೆ, ದೇವರ ಮನೆ ಪಕ್ಕದ ಕಪಾಟಿನಲ್ಲಿರೋ ಬಾಟಲಿ ಬೇರೆ.

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1965ರಲ್ಲಿ ಹೊಸ ಅಬಕಾರಿ ಕಾಯ್ದೆ ಬಂತು, ಆ ದಶಕ ಮುಗಿಯುವಷ್ಟರಲ್ಲಿ ಪಾನನಿಷೇಧವೂ ಹೋಯ್ತು. 2007ರ ಜುಲೈ 1ರಂದು ಸಾರಾಯಿ ನಿಷೇಧ ಆಯ್ತು. ಅಬಕಾರಿ ಕಾನೂನು ಇಷ್ಟೆಲ್ಲ ಮಗ್ಗಲು ಬದಲಿಸಿತು. ಆದರೆ ಕಪಾಟಿನ ಬಾಟಲಿ ಅಲ್ಲೇ ಇತ್ತು.

ಹಾಗಾದ್ರೆ ಸಣ್ಣ ಮಕ್ಕಳ ಬಗ್ಗೆ ಕಾನೂನು ಏನೂ ಹೇಳಲೇ ಇಲ್ವಾ? ಹೇಳಿದೆ. ನನಗೆ ಬಹಳ ಕುತೂಹಲ ಅನ್ನಿಸಿದ್ದು ಇದೇ.

1908ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಕ್ಕಳ ಕಾಯ್ದೆ ಮಾಡಿತು. ಐದು ವರ್ಷದೊಳಗಿನ ಮಗುವಿಗೆ ಮದ್ಯ ಕೊಟ್ಟರೆ ಮೂರು ಪೌಂಡ್ ತನಕ ದಂಡ. ಆದರೆ ಒಂದು ಕಿಟಕಿ ಬಿಟ್ಟಿದ್ದರು. ಡಾಕ್ಟರು ಹೇಳಿದ್ದರೆ, ಅಥವಾ ಮಗುವಿಗೆ ಕಾಯಿಲೆ ಇದ್ದರೆ, ಕಾಯಿಲೆ ಬರುವ ಹಾಗೆ ಕಂಡರೂ ಸಾಕು, ಕೊಡಬಹುದು. ಐದು ವರ್ಷದ ಆ ನಿಯಮ 1933ರ ಕಾಯ್ದೆಯಲ್ಲಿ ಮುಂದುವರಿದು ಇಂಗ್ಲೆಂಡಿನಲ್ಲಿ ಇವತ್ತಿಗೂ ಇದೆ.

ಈಗ ನಮ್ಮ 2000ನೇ ಇಸವಿಯ ಬಾಲನ್ಯಾಯ ಕಾಯ್ದೆ ತೆಗೆದು ನೋಡಿ. 25ನೇ ಕಲಂ. ಸಾರ್ವಜನಿಕ ಜಾಗದಲ್ಲಿ ಮಗುವಿಗೆ ಮದ್ಯ ಕೊಟ್ಟರೆ ಮೂರು ವರ್ಷದ ತನಕ ಜೈಲು. ಆದರೆ ಡಾಕ್ಟರ ಆದೇಶ ಇದ್ದರೆ, ಅಥವಾ ಕಾಯಿಲೆ ಇದ್ದರೆ, ಅಪರಾಧ ಅಲ್ಲ. ನೂರು ವರ್ಷ ಹಳೆಯ ಅದೇ ಕಿಟಕಿ. ಮನೆಯೊಳಗೆ ಕೊಟ್ಟರಂತೂ ಈ ಕಲಂ ಮುಟ್ಟುತ್ತಲೇ ಇರಲಿಲ್ಲ. ಅಂದ್ರೆ ಅಜ್ಜಿಯ ಚಮಚಕ್ಕೆ ಎರಡೆರಡು ರಕ್ಷಣೆ ಇತ್ತು. ಮನೆಯ ಗೋಡೆ ಒಂದು, ಕಾಯಿಲೆ ಅನ್ನುವ ಕಾರಣ ಇನ್ನೊಂದು.

2015ರಲ್ಲಿ ಹೊಸ ಬಾಲನ್ಯಾಯ ಕಾಯ್ದೆ ಬಂತು, 2016ರ ಜನವರಿಯಿಂದ ಜಾರಿ. ಅದರ 77ನೇ ಕಲಂ ಓದಿದರೆ ‘ಸಾರ್ವಜನಿಕ ಸ್ಥಳ’ ಅನ್ನೋ ಮಾತು ಇಲ್ಲ. ‘ಕಾಯಿಲೆ’ ಅನ್ನೋ ಮಾತೂ ಇಲ್ಲ. ಉಳಿದಿರೋದು ಅರ್ಹ ವೈದ್ಯರ ಆದೇಶ ಒಂದೇ. ಶಿಕ್ಷೆ ಏಳು ವರ್ಷದ ತನಕ ಕಠಿಣ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ. ಅಪ್ಪ-ಅವ್ವಗೆ, ಅಜ್ಜ-ಅಜ್ಜಿಗೆ ಅಂತ ಬೇರೆ ವಿನಾಯಿತಿ ಇಲ್ಲ. ಎರಡು ಸಣ್ಣ ಮಾತು ಬಿಟ್ಟುಹೋದವು, ಅಜ್ಜಿಯ ಎರಡೂ ರಕ್ಷಣೆ ಹೋದವು.

ಅಜ್ಜಿಯನ್ನ ಜೈಲಿಗೆ ಹಾಕಬೇಕು ಅಂತ ನಾನು ಹೇಳ್ತಾ ಇಲ್ಲ. ಕಾನೂನು ಮಾಡಿದವರ ಕಣ್ಣು ಮಕ್ಕಳಿಗೆ ನಶೆ ಹಚ್ಚುವವರ ಮೇಲೆ ಇತ್ತು. ಆದರೆ ಆ ಕಿಟಕಿ ಯಾಕೆ ಮುಚ್ಚಬಹುದಾಯ್ತು ಅಂತ ಕೇಳಿದರೆ, ಅಷ್ಟೊತ್ತಿಗೆ ವೈದ್ಯಶಾಸ್ತ್ರ ಆ ವಾದವನ್ನ ಕೈಬಿಟ್ಟಿತ್ತು.

ಬ್ರಾಂಡಿ ಹಾಕಿದರೆ ಮೈ ಬೆಚ್ಚಗಾಗುತ್ತೆ ಅನ್ನೋದು ಅರ್ಧ ನಿಜ. ಚರ್ಮದ ರಕ್ತನಾಳ ಹಿಗ್ಗಿ ಬಿಸಿ ಅನ್ನಿಸುತ್ತೆ. ನಿಜವಾಗಿ ಒಳಗಿನ ಶಾಖ ಹೊರಗೆ ಹೋಗುತ್ತೆ. ಕೂಸು ಮಲಗುತ್ತೆ ಅನ್ನೋದೂ ನಿಜ. ಆದರೆ ಅದು ನೆಗಡಿ ವಾಸಿಯಾಗಿ ಬಂದ ನಿದ್ದೆ ಅಲ್ಲ, ಮಿದುಳು ಮಂಕಾಗಿ ಬಂದದ್ದು. ಸಣ್ಣ ಮಕ್ಕಳ ಯಕೃತ್ತು ಇನ್ನೂ ಬಲಿತಿರೋದಿಲ್ಲ, ಮೈಯಲ್ಲಿ ಸಕ್ಕರೆ ದಾಸ್ತಾನೂ ಕಡಿಮೆ. ಆಲ್ಕೋಹಾಲ್ ಹೋದರೆ ರಕ್ತದ ಸಕ್ಕರೆ ಥಟ್ಟನೆ ಇಳಿದು ಫಿಟ್ಸ್ ಬರಬಹುದು. ನೆಗಡಿಯಿಂದ ಕೂಸು ಸರಿಯಾಗಿ ಹಾಲು ಕುಡಿಯದೇ ಇರುವ ರಾತ್ರಿಯೇ ಈ ಅಪಾಯ ಜಾಸ್ತಿ. ನಾವು ಬ್ರಾಂಡಿ ಹಾಕೋದೂ ಅದೇ ರಾತ್ರಿ.

ಅತ್ತೆಯ ಪ್ರಶ್ನೆಗೆ ಉತ್ತರ ಇಲ್ಲಿದೆ ನೋಡ್ರಿ. ಗಂಡನಿಗೆ ಏನೂ ಆಗಲಿಲ್ಲ, ನಿಜ. ಆದರೆ ಏನೂ ಆಗದವರು ಮಾತ್ರ ನಮ್ಮ ಎದುರಿಗೆ ಕೂತಿರ್ತಾರೆ. ಯಾವ ಕೂಸಿಗೆ ಆಯ್ತೋ, ಅದು ಜ್ವರದಿಂದ ಹೋಯ್ತು, ದೃಷ್ಟಿ ತಾಕಿ ಹೋಯ್ತು ಅಂತ ಮನೆಯವರು ತಿಳಕೊಂಡಿರ್ತಾರೆ. ಚಮಚದ ಮೇಲೆ ಯಾರಿಗೂ ಸಂಶಯ ಬಂದಿರೋದಿಲ್ಲ.

ಇನ್ನೊಂದು ಮಾತಿದೆ. ಅಜ್ಜಿಯ ಚಮಚ ಕಡಿಮೆಯಾಗ್ತಾ ಇರುವಾಗ ಬೇರೊಂದು ಬೆರಳು ಬಂದಿದೆ. ರವಿವಾರ ಬೈಪಾಸ್ ಡಾಬಾದಲ್ಲಿ ಅಪ್ಪನೋ ಮಾಮಾನೋ ಬಿಯರ್ ನೊರೆಯಲ್ಲಿ ಬೆರಳದ್ದಿ ಮಗುವಿನ ನಾಲಿಗೆಗೆ ಹಚ್ಚೋದು, ಮಗು ಮುಖ ಕಿವುಚೋದನ್ನ ಮೊಬೈಲಿನಲ್ಲಿ ಹಿಡಿಯೋದು. ಕೇಳಿದರೆ, ಈಗಲೇ ರುಚಿ ತೋರಿಸಿದರೆ ಮುಂದೆ ಕುತೂಹಲ ಇರೋದಿಲ್ಲ ಅಂತಾರೆ. ಫ್ರಾನ್ಸಿನ ಉದಾಹರಣೆ ಕೊಡ್ತಾರೆ. ಆದರೆ ಫ್ರಾನ್ಸೇ 1956ರಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಶಾಲೆಯ ಊಟದಲ್ಲಿ ವೈನ್ ಕೊಡೋದನ್ನ ನಿಲ್ಲಿಸಿತು, 1981ರಲ್ಲಿ ದೊಡ್ಡ ತರಗತಿಗಳಿಗೂ ನಿಲ್ಲಿಸಿತು. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಹದಿಹರೆಯದ ಮಕ್ಕಳನ್ನ ಆರು ವರ್ಷ ಗಮನಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂದೆ-ತಾಯಿ ಕೈಯಾರೆ ಮದ್ಯ ಕೊಟ್ಟದ್ದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ಸಿಗಲಿಲ್ಲ, ತೊಂದರೆಯ ಸಾಧ್ಯತೆಯೇ ಹೆಚ್ಚಾಗಿ ಕಂಡಿತು. ಅವರು ದೊಡ್ಡ ಮಕ್ಕಳು. ನಾವು ಮಾತಾಡ್ತಾ ಇರೋದು ಎರಡು-ಮೂರು ವರ್ಷದವರ ಬಗ್ಗೆ. ಅಜ್ಜಿಗೆ ಕಾಯಿಲೆ ಅನ್ನೋ ಕಾರಣವಾದರೂ ಇತ್ತು. ಈ ಬೆರಳಿಗೆ ಅದೂ ಇಲ್ಲ.

ನೀವು ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೊರಟರೆ ನಡುವೆ ನವನಗರ ಬರುತ್ತೆ. ಅಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಅದೇ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಆಲ್ಕೋಹಾಲ್ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಹೇಳಿತು. ಕಾನೂನು ಓದಿದವರನ್ನ ಕೇಳಿ, ವೈದ್ಯರನ್ನ ಕೇಳಿ, ಈಗ ಇಬ್ಬರೂ ಒಂದೇ ಮಾತು ಹೇಳ್ತಾರೆ. ನೂರು ವರ್ಷದ ಹಿಂದೆ ಹಾಗಿರಲಿಲ್ಲ.

ಆ ಸೊಸೆಗೆ ನಾನು ಹೇಳೋದು ಇಷ್ಟೇ. ಅತ್ತಿ ತಪ್ಪು ಮಾಡಿದ್ರು ಅಂತ ಜಗಳಕ್ಕೆ ನಿಲ್ಲಬೇಡ್ರಿ. ಅವರು ರಾತ್ರಿಯೆಲ್ಲ ಕೂಸನ್ನ ತೊಡೆ ಮೇಲೆ ಹಾಕ್ಕೊಂಡು ಕೂತವರು. “ಅತ್ತಿ, ನಿಮ್ಮ ಕಾಲಕ್ಕ ಡಾಕ್ಟ್ರೇ ಇದನ್ನ ಬರದು ಕೊಡ್ತಿದ್ರಂತ, ಈಗ ಅವರೇ ಬ್ಯಾಡ ಅಂತಾರ್ರಿ” ಅಂತ ಹೇಳಿ ನೋಡ್ರಿ. ಕೂಸಿಗೆ ಹಾಲು ಕುಡಿಸಿ, ಬೆಚ್ಚಗೆ ಸುತ್ತಿ. ಉಸಿರಾಟ ಜೋರಾದರೆ, ಹಾಲು ಬಿಟ್ಟರೆ, ಬೆಳಗಾಗಲಿ ಅಂತ ಕಾಯದೆ ದವಾಖಾನೆಗೆ ಹೋಗಿ. ಕಪಾಟಿನ ಬಾಟಲಿಯನ್ನ ಅತ್ತೆಯ ಕೈಯಿಂದಲೇ ಚೆಲ್ಲಿಸಿದರೆ ಇನ್ನೂ ಒಳ್ಳೇದು.