ಯಾರ ಬಂಟ?

ದೀಪಾವಳಿ ಕಳೆದು ಮೇ ಕೊನೆಯ ಪತ್ತನಾಜೆ ಬರುವವರೆಗೆ ಬಂಟ್ವಾಳ–ಮೂಡುಬಿದಿರೆ ರಸ್ತೆಯ ಸಿದ್ಧಕಟ್ಟೆಯಂಥ ಪೇಟೆಗಳಲ್ಲಿ ಫ್ಲೆಕ್ಸುಗಳದ್ದೇ ಸುಗ್ಗಿ. ಕಂಬಳದ್ದು, ಬಯಲಾಟದ್ದು, ಬ್ರಹ್ಮಕಲಶದ್ದು, ನೇಮದ್ದು. ನೇಮದ ಆಮಂತ್ರಣಗಳಲ್ಲಿ ಒಂದು ಬಗೆಯ ಜೋಡಿ ಹೆಸರು ಮತ್ತೆ ಮತ್ತೆ ಸಿಗುತ್ತದೆ: ಧೂಮಾವತಿ ಬಂಟ, ಜಾರಂದಾಯ ಬಂಟ. ನಡುವೆ ‘ಮತ್ತು’ ಇಲ್ಲ, ಅಲ್ಪವಿರಾಮವೂ ಇಲ್ಲ. ಘಟ್ಟದ ಮೇಲಿನಿಂದ ಬಂದವರು ಅದನ್ನು ಒಂದೇ ದೈವದ ಹೆಸರೆಂದು ಓದಿಕೊಂಡರೆ ತಪ್ಪೇನಲ್ಲ. ಊರವರಿಗೆ ಮಾತ್ರ ಗೊತ್ತು, ಧೂಮಾವತಿ ಅಂದರೆ ಜುಮಾದಿ ದೊಡ್ಡ ದೈವ. ಬಂಟ ಅದರ ಜೊತೆಗಾರ, ಬೆಂಗಾವಲು.

ಸಂಸ್ಕೃತದ ‘ಭಟ’ ಕನ್ನಡಕ್ಕೆ ಬಂದು ಮಹಾಪ್ರಾಣ ಕಳೆದುಕೊಂಡು, ನಡುವೆ ಒಂದು ಸೊನ್ನೆ ಸೇರಿಸಿಕೊಂಡು ‘ಬಂಟ’ ಆಯಿತು ಎನ್ನುತ್ತಾರೆ ನಿಘಂಟುಕಾರರು. ಅರ್ಥ ಎರಡು ಕವಲು: ಶೂರ, ಸೇವಕ. ಎರಡೂ ಒಬ್ಬನಲ್ಲೇ ಇರಬೇಕು. ಬರೀ ಶೂರನಾದರೆ ವೀರ ಎನ್ನಬಹುದು, ಬರೀ ಸೇವಕನಾದರೆ ಆಳು ಎನ್ನಬಹುದು. ಇನ್ನೊಬ್ಬರ ಪರವಾಗಿ ಮೈಮೇಲೆ ಏಟು ತಿನ್ನುವವನು ಬಂಟ. ಅದಕ್ಕೇ ಈ ಪದದ ಹಿಂದೆ ಷಷ್ಠಿ ವಿಭಕ್ತಿಯೊಂದು ನೆರಳಿನಂತೆ ಬರುತ್ತದೆ. ರಾಮನ ಬಂಟ ಹನುಮಂತ. ಸುಮ್ಮನೆ ‘ಅವನು ಬಂಟ’ ಎಂದರೆ ಕೇಳುವವನ ಬಾಯಲ್ಲಿ ಮರುಪ್ರಶ್ನೆ ಸಿದ್ಧವಾಗಿರುತ್ತದೆ: ಯಾರ ಬಂಟ?

ಹಳೆಯ ಕರ್ನಾಟಕ ಈ ಸಂಬಂಧಕ್ಕೆ ಬೇರೆ ಬೇರೆ ಹೆಸರಿಟ್ಟು ಲೆಕ್ಕ ಇಟ್ಟಿತ್ತು. ಉಂಡ ಅನ್ನದ ಋಣಕ್ಕೆ ಹೋರಾಡುವುದು ಜೋಳವಾಳಿ. ಒಡೆಯನ ಜೊತೆಗೇ ಸಾಯುವೆನೆಂದು ಮಾತು ಕೊಡುವುದು ವೇಳೆವಾಳಿ. ಹೊಯ್ಸಳರ ಕಾಲದಲ್ಲಿ ಅಂಥವರನ್ನು ಗರುಡರು ಎಂದರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಗರುಡಗಂಬವೊಂದಿದೆ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ ಹೆಂಡತಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಕೊಟ್ಟ ಕತೆಯನ್ನು ಅದು ಹೇಳುತ್ತದೆ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಕೆತ್ತನೆಗಳಿವೆ. ಪ್ರವಾಸಿಗರು ಹೆಚ್ಚಾಗಿ ಗುಡಿಯ ಗೋಡೆಯ ಕಡೆಗೇ ನಡೆದುಬಿಡುತ್ತಾರೆ.

ತುಳುನಾಡಿನ ಕಥನಗೀತೆ ಪಾಡ್ದನದಲ್ಲಿ ಋಣದ ಲೆಕ್ಕ ಇಷ್ಟು ನೇರವಿಲ್ಲ. ವೀರ ಸಹೋದರರಾದ ಕೋಟಿ ಚೆನ್ನಯರು ಬೆಳೆದದ್ದು ಪಡುಮಲೆಯ ಪೆರುಮಳ ಬಲ್ಲಾಳನ ಆಶ್ರಯದಲ್ಲಿ. ಬಲ್ಲಾಳನ ಮಂತ್ರಿ ಬುದ್ಯಂತನೊಂದಿಗೆ ಗದ್ದೆಯ ಜಗಳ ಕೊಲೆಗೆ ಮುಟ್ಟಿ, ಅಲ್ಲಿಂದ ಹೊರಟು, ಪಂಜದಲ್ಲಿ ಸೆರೆಯಾಗಿ, ಕೊನೆಗೆ ಎಣ್ಮೂರಿನ ದೇವ ಬಲ್ಲಾಳನ ಪರವಾಗಿ ಕಾದಿ ಮಡಿದರು. ಒಡೆಯರು ಬದಲಾದರು, ಆದರೆ ಕತೆ ಒಡೆಯರದ್ದಾಗಲಿಲ್ಲ. ಇಂದು ಬಲ್ಲಾಳರ ಹೆಸರು ಪಾಡ್ದನದ ನಡುವೆ ಬಂದುಹೋಗುತ್ತದೆ. ಗರಡಿಗಳು ನಿಂತಿರುವುದು ಅಣ್ಣತಮ್ಮಂದಿರ ಹೆಸರಿನಲ್ಲಿ. ಸಿದ್ಧಕಟ್ಟೆ ಸಮೀಪದ ಹೊಕ್ಕಾಡಿಗೋಳಿ ಕಂಬಳದ ಜೋಡುಕರೆಗೆ ವೀರ-ವಿಕ್ರಮರ ಹೆಸರಾದರೆ, ಮೂಡುಬಿದಿರೆ ಕಂಬಳದ್ದಕ್ಕೆ ಕೋಟಿ-ಚೆನ್ನಯರದ್ದು.

ಬಂಟಿಕೆ ಸಂಬಳದ ಕೆಲಸವಾಗಿ, ಅದೂ ಆಟದ ಅಂಗಳದಲ್ಲಿ, ಇದ್ದದ್ದನ್ನು ನೋಡಬೇಕಾದರೆ ಉತ್ತರ ಅಮೆರಿಕದ ಐಸ್ ಹಾಕಿಗೆ ಹೋಗಬೇಕು. ಅಲ್ಲಿ ಎನ್‌ಫೋರ್ಸರ್ ಎಂಬ ಒಬ್ಬ ಆಟಗಾರನಿರುತ್ತಿದ್ದ. ಗೋಲು ಹೊಡೆಯುವುದು ಅವನ ಮುಖ್ಯ ಕೆಲಸವಲ್ಲ. ತನ್ನ ತಂಡದ ತಾರೆಯ ಮೈ ಮುಟ್ಟಿದವನ ಜೊತೆ ಕೈಗವಸು ಕಳಚಿ ಹೊಡೆದಾಡುವುದು. ಯಾರಾದರೊಬ್ಬ ಕೆಳಗೆ ಬೀಳುವವರೆಗೆ ರೆಫ್ರಿಗಳು ಸಾಮಾನ್ಯವಾಗಿ ನಡುವೆ ಬರುವುದಿಲ್ಲ. ಆಮೇಲೆ ಇಬ್ಬರೂ ಐದೈದು ನಿಮಿಷ ಹೊರಗೆ ಕೂರಬೇಕು. ಫಿಲಡೆಲ್ಫಿಯಾದ ಡೇವ್ ಶುಲ್ಟ್ಜ್ 1974–75ರ ಒಂದೇ ಋತುವಿನಲ್ಲಿ 472 ನಿಮಿಷ ದಂಡ ಕಟ್ಟಿದ. ಟೈ ಡೋಮಿಯ ವೃತ್ತಿಜೀವನದ ದಂಡ 3,515 ನಿಮಿಷ. ಹೆಚ್ಚುಕಡಿಮೆ ಎರಡೂವರೆ ದಿನ.

894 ಗೋಲು ಹೊಡೆದ ವೇಯ್ನ್ ಗ್ರೆಟ್ಸ್ಕಿಗೆ ಎಡ್ಮಂಟನ್‌ನಲ್ಲಿ ಡೇವ್ ಸೆಮೆಂಕೊ ಕಾವಲಿದ್ದ; 1983ರಲ್ಲಿ ಮಹಮ್ಮದ್ ಅಲಿಯೊಂದಿಗೆ ಪ್ರದರ್ಶನ ಪಂದ್ಯ ಆಡಿದವನು ಈತ. 1988ರಲ್ಲಿ ಗ್ರೆಟ್ಸ್ಕಿ ಲಾಸ್ ಏಂಜಲೀಸಿಗೆ ಹೋದಾಗ ಮಾರ್ಟಿ ಮೆಕ್‌ಸೋರ್ಲಿಯೂ ಜೊತೆಗೆ ಹೋದ. ಅವನನ್ನೂ ಕೊಡಿ ಎಂದು ಪಟ್ಟು ಹಿಡಿದವನು ಗ್ರೆಟ್ಸ್ಕಿಯೇ. ಒಪ್ಪಂದದ ಕಾಗದದಲ್ಲೂ ಧೂಮಾವತಿಯ ಪಕ್ಕದಲ್ಲಿ ಬಂಟ!

ಆದರೆ ಡೆರೆಕ್ ಬೂಗಾರ್ಡ್ ಎಂಬ ಎನ್‌ಫೋರ್ಸರನ ಲೆಕ್ಕ ಬೇರೆ. 277 ಪಂದ್ಯ, ಮೂರೇ ಗೋಲು. 2011ರ ಮೇ ತಿಂಗಳಲ್ಲಿ ಸತ್ತಾಗ ವಯಸ್ಸು 28. ತಲೆಗೆ ಮತ್ತೆ ಮತ್ತೆ ಏಟು ಬಿದ್ದವರಲ್ಲಿ ಕಾಣುವ ಕಾಯಿಲೆ ಅವನ ಮೆದುಳಿನಲ್ಲಿ ಪತ್ತೆಯಾಯಿತು.

ಇತ್ತ ಕನ್ನಡ ಪತ್ರಿಕೆಗಳಲ್ಲಿ ಬಂಟನಿಗೆ ಒಂದು ಕೈ ಅಂಟಿಕೊಂಡಿದೆ. ಮಂತ್ರಿಯ ಬಲಗೈ ಬಂಟ, ಭೂಗತ ದೊರೆಯ ಬಲಗೈ ಬಂಟ. ಮೊದಲನೆಯವನು ಚುನಾವಣೆಗೆ ಮುಂಚೆ ಪಕ್ಷ ಬಿಡುತ್ತಾನೆ, ಎರಡನೆಯವನು ಪೊಲೀಸರಿಗೆ ಸಿಕ್ಕಿಬೀಳುತ್ತಾನೆ. ತಲೆಬರಹದಲ್ಲಿ ಒಡೆಯನ ಹೆಸರು ದಪ್ಪಕ್ಷರದಲ್ಲಿರುತ್ತದೆ, ಬಂಟನ ಹೆಸರಿಗೆ ಮೂರನೆಯ ಸಾಲಿನವರೆಗೆ ಕಾಯಬೇಕು.

ಈ ಪದ ಷಷ್ಠಿಯ ಹಂಗು ಹರಿದುಕೊಂಡು ತಾನೇ ಕರ್ತೃವಾಗಿ ನಿಂತದ್ದು ಕರಾವಳಿಯಲ್ಲಿ. ಇಲ್ಲಿ ಬಂಟರೆಂದರೆ ಶೆಟ್ಟಿ, ರೈ, ಆಳ್ವ, ಹೆಗ್ಡೆಗಳ ಸಮುದಾಯ. ‘ಯಾರ’ ಎಂದು ಯಾರೂ ಕೇಳುವುದಿಲ್ಲ. ಹಿಂದೆ ಕತ್ತಿ ಹಿಡಿದು, ಬೇಸಾಯ ಮಾಡಿ ಬದುಕಿದ ಈ ಜನ 1931ರಲ್ಲಿ ಎ. ಬಿ. ಶೆಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಕಟ್ಟಿದರು. ಆ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಪದಕ್ಕೆ ಇಂಗ್ಲಿಷಿನ ಬಹುವಚನ ಅಂಟಿದ್ದೂ ಇಲ್ಲೇ. ಮಂಗಳೂರಿನ ‘ಬಂಟ್ಸ್ ಹಾಸ್ಟೆಲ್’ ಈಗ ಕಟ್ಟಡಕ್ಕಿಂತ ಹೆಚ್ಚಾಗಿ ಒಂದು ಸರ್ಕಲ್ಲು, ಒಂದು ಸ್ಟಾಪು.

ನೇಮದ ಆಮಂತ್ರಣಕ್ಕೆ ಮರಳಿದರೆ, ಅಚ್ಚಿಗೆ ಹೋಗುವ ಮುಂಚೆ ಅದರ ಪ್ರೂಫ್ ಊರಿನ ಹಿರಿಯರ ಕೈಗೆ ಬರುತ್ತದೆ. ಅವರು ಕನ್ನಡಕ ಏರಿಸಿ, ತಿಥಿ ನೋಡಿ, ಭಂಡಾರ ಹೊರಡುವ ಹೊತ್ತು ನೋಡಿ, ಅನ್ನಸಂತರ್ಪಣೆಯ ಸಾಲು ದಾಟಿ ಮತ್ತೆ ಮೇಲಕ್ಕೆ ಬರುತ್ತಾರೆ. ದೈವಗಳ ಹೆಸರಿನ ಕೆಳಗೆ ಬೆರಳು ಹರಿಯುತ್ತದೆ. ಧೂಮಾವತಿಯ ಪಕ್ಕದಲ್ಲಿ ಬಂಟ ಇದ್ದಾನೆ, ಅಷ್ಟೇ ದೊಡ್ಡ ಅಕ್ಷರದಲ್ಲಿ.