ಅರಗಜದ ಪರಿಮಳ ಮತ್ತು ಮೈಚರ್ಮ: ವಿಜಯಪುರ ಸೀಮೆಯನ್ನು ಗಮನದಲ್ಲಿಟ್ಟ ಒಂದು ಟಿಪ್ಪಣಿ

1. ವ್ಯಾಪ್ತಿ

ಒಂದೇ ಅತ್ತರು ಒಬ್ಬರ ಮೈಮೇಲೆ ಒಂದು ಬಗೆಯಾಗಿ, ಇನ್ನೊಬ್ಬರ ಮೈಮೇಲೆ ಬೇರೆ ಬಗೆಯಾಗಿ ಕಮ್ಮೆನ್ನುತ್ತದೆ ಎಂಬ ಮಾತು ಸುಗಂಧದ ಅಂಗಡಿಗಳಲ್ಲಿ ಸಾಮಾನ್ಯ. ಆ ಮಾತನ್ನು ಒಂದು ನಿರ್ದಿಷ್ಟ ಲೇಪಕ್ಕೆ, ಅಂದರೆ ಅರಗಜಕ್ಕೆ, ಹಚ್ಚಿ ನೋಡುವುದಷ್ಟೇ ಇಲ್ಲಿಯ ಉದ್ದೇಶ. ಅರಗಜದ ಪಾಕ ಅಳತೆಸಹಿತ ಉಳಿದುಬಂದಿದೆ. ಗುಲಾಬಿಯ ಹೂಗಂಪು, ಒಣಬೇರಿನ ಹಿಟ್ಟಿನಂಥ ವಾಸನೆ, ಬೀಜದ ತಿರುಳಿನ ವಾಸನೆ ಮೂರೂ ಅದರಲ್ಲಿ ಒಟ್ಟಿಗೆ ಸೇರುತ್ತವೆ. ಪ್ರದೇಶದ ಮಟ್ಟಿಗೆ ವಿಜಯಪುರ ನಗರ, ಪಶ್ಚಿಮಕ್ಕೆ ತೊರವಿ ದಾಟಿ ಸಿಗುವ ತಿಕೋಟಾ, ನೈರುತ್ಯದ ಬಬಲೇಶ್ವರ ಇವನ್ನು ಗಮನದಲ್ಲಿಟ್ಟುಕೊಳ್ಳಲಾಗಿದೆ.

2. ಆಕರಗಳು ಮತ್ತು ಅವುಗಳ ಮಿತಿ

2.1. ಅರಗಜದ ಪಾಕಕ್ಕೆ ಇಲ್ಲಿ ಬಳಸಿದ ಆಕರ ಅಬುಲ್ ಫಜಲನ 'ಐನ್-ಇ-ಅಕ್ಬರಿ' (1590ರ ದಶಕ). ಬ್ಲಾಕ್‌ಮನ್‌ನ ಇಂಗ್ಲಿಷ್ ಅನುವಾದದ ಮೊದಲ ಸಂಪುಟ 1873ರದು. ಫಿಲಟ್ ಪರಿಷ್ಕರಿಸಿದ ಎರಡನೆಯ ಆವೃತ್ತಿ 1927ರದು. ಇದು ಮೊಗಲ್ ಆಸ್ಥಾನದ ದಾಖಲೆಯೇ ಹೊರತು ಬಿಜಾಪುರದ್ದಲ್ಲ. ಇದರಲ್ಲಿರುವ ಅಳತೆಯನ್ನು ಆದಿಲಶಾಹಿ ಅಳತೆಯೆಂದು ಓದಲಾಗದು.

2.2. ಬಿಜಾಪುರದ ಕಡೆಯಿಂದ ಮುಖ್ಯವಾದದ್ದು ಎರಡನೆಯ ಇಬ್ರಾಹಿಂ ಆದಿಲಶಾಹನ (ಆಳ್ವಿಕೆ 1580–1627) ಕಾಲದ, ನಿಜಾಮುದ್ದೀನ್ ಮಹಮೂದನ ಪಾರಸಿ ಸುಗಂಧಗ್ರಂಥ 'ಇತ್ರ್-ಇ-ನೌರಸ್ ಶಾಹಿ'. ಅಲಿ ಅಕ್ಬರ್ ಹುಸೇನ್ (2000) ಮತ್ತು ಎಮ್ಮಾ ಫ್ಲಾಟ್ (2016) ಇದನ್ನು ಚರ್ಚಿಸಿದ್ದಾರೆ. 'ನೌರಸ್' ಎಂಬ ಹೆಸರು ಇಬ್ರಾಹಿಮನ ಹಾಡುಗಳ ಸಂಕಲನಕ್ಕೂ 1599ರಲ್ಲಿ ತೊರವಿಯ ಬಳಿ ಆತ ಆರಂಭಿಸಿದ ನೌರಸ್‌ಪುರಕ್ಕೂ ಇದೆ. ಆ ಪಟ್ಟಣವನ್ನು 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ಹಾಳುಗೆಡವಿದ. ಆದರೆ ಶೀರ್ಷಿಕೆಯ ಆಧಾರವೊಂದರಿಂದಲೇ ಗ್ರಂಥವನ್ನು 1599–1624ರ ನಡುವೆ ಇಡುವುದು ಆತುರವಾದೀತು. ಅರಸನ ಅಂಕಿತ ಪಟ್ಟಣಕ್ಕಿಂತ ಹಿಂದೆಯೂ ಬಳಕೆಯಲ್ಲಿದ್ದಿರಬಹುದು, ಮುಂದೆಯೂ ಉಳಿದಿರಬಹುದು.

2.3. ಇದೇ ಸೀಮೆಯ ಹಳೆಯ ಪರಂಪರೆಗೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದ ವಿಲೇಪನ ಭಾಗವಿದೆ. ಗ್ರಂಥದೊಳಗಿನ ಜ್ಯೋತಿಷ ಗಣನೆಗೆ ಶಕ 1051 ಆಧಾರವರ್ಷ, ಅಂದರೆ ಕ್ರಿ.ಶ. 1129–30. ಕೈಪಿಡಿಗಳು ಸಾಮಾನ್ಯವಾಗಿ ಕೊಡುವ ವರ್ಷ 1131. ಮೊದಲನೆಯದು ಗಣನೆಯ ಆರಂಭ, ಎರಡನೆಯದು ಗ್ರಂಥ ಮುಗಿದ ಕಾಲದ ಊಹೆ ಎಂದು ಇಟ್ಟುಕೊಂಡರೆ ವಿರೋಧವಿಲ್ಲ. ಶ್ರೀಗೊಂಡೇಕರರ ಸಂಪಾದನೆ ಬರೋಡದಿಂದ ಮೂರು ಸಂಪುಟಗಳಲ್ಲಿ ಬಂದಿದೆ (1925, 1939, 1961).

3. ಅಳತೆ

ಬ್ಲಾಕ್‌ಮನ್‌ನ ಪ್ರಕಾರ ಅರಗಜಕ್ಕೆ ಮುಕ್ಕಾಲು ಸೇರು ಗಂಧದ ಚೆಕ್ಕೆ, 3 ತೊಲ ಚುವಾ (ಅಗರುವಿನಿಂದ ಇಳಿಸಿದ್ದು), ನೇರಳೆಬೇರು ಮತ್ತು ಗೆಹ್ಲಾ ಬೀಜ 1 ತೊಲ, ಪುನುಗಿನ ಜಾತಿಗೆ ಸೇರಿದ ಮೀದ್, ಕರ್ಪೂರ, 11 ಶೀಸೆ ಪನ್ನೀರು. ಬೇಸಗೆಯಲ್ಲಿ ಮೈಯನ್ನು ತಂಪಾಗಿಡಲು ಇದರ ಬಳಕೆ ಎಂಬ ಸೂಚನೆಯೂ ಇದೆ.

ಇಲ್ಲಿ ಎರಡು ತೊಡಕುಗಳಿವೆ. ಬೇರು, ಬೀಜಗಳಿಗೆ ಹೇಳಿದ 1 ತೊಲ ತಲಾ ಒಂದೋ ಎರಡಕ್ಕೂ ಸೇರಿಯೋ ಎಂಬುದು ವಾಕ್ಯದಿಂದ ಸ್ಪಷ್ಟವಾಗುವುದಿಲ್ಲ. ಇನ್ನು ಸೇರು. ಅಕ್ಬರನ ಸೇರು 30 ದಾಮ್ ತೂಕ. ದಾಮ್ ಒಂದಕ್ಕೆ 1 ತೊಲ 8 ಮಾಷ 7 ಸುರ್ಖ್. ಹಾಗಾದರೆ ಮುಕ್ಕಾಲು ಸೇರು ಸುಮಾರು 39 ತೊಲ. ನಂತರದ ಬ್ರಿಟಿಷ್ ಸೇರು 80 ತೊಲದ್ದಾದ್ದರಿಂದ ಅದೇ ಮುಕ್ಕಾಲು ಸೇರು 60 ತೊಲವಾಗುತ್ತದೆ. ಗಂಧಕ್ಕೆ ಹೋಲಿಸಿದರೆ ಬೇರಿನ ಪಾಲು ಶೇ. 2.6 (ತಲಾ 1 ತೊಲ, ಅಕ್ಬರನ ಸೇರು) ಇರಬಹುದು, ಶೇ. 0.8 (ಎರಡಕ್ಕೂ ಸೇರಿ, ಬ್ರಿಟಿಷ್ ಸೇರು) ಕೂಡ ಇರಬಹುದು. ಅಕ್ಬರನ ಸೇರನ್ನೇ ಹಿಡಿಯುವುದು ಸರಿ. ಆದರೆ ಅರಗಜವನ್ನು ಮರುತಯಾರಿಸುವವರು ತಿಳಿಯದೆ 80 ತೊಲದ ಲೆಕ್ಕ ಹಿಡಿದರೆ ಪುಡಿವಾಸನೆ ಸುಮಾರು ಮೂರನೇ ಎರಡು ಪಾಲಿಗೆ ಇಳಿದೀತು. ಅದನ್ನು ಆಮೇಲೆ 'ನಮ್ಮ ಮೈಗೆ ಒಗ್ಗಲಿಲ್ಲ' ಎಂದರೆ ಚರ್ಮದ ಮೇಲೆ ಸುಳ್ಳು ಆರೋಪ ಹೊರಿಸಿದಂತೆ.

4. ಎರಡು ಘಟಕಗಳ ಗುರುತು

4.1. ನೇರಳೆಬೇರು. ಪೇಟೆಯಲ್ಲಿ ಬೇಖ್-ಬನಫ್ಶಾ ಎಂದು ನಡೆಯುತ್ತಿದ್ದದ್ದು ಬನಫ್ಶಾ ಗಿಡದ ಬೇರಲ್ಲ, ಐರಿಸ್ ಜಾತಿಯ ಗೆಡ್ಡೆಬೇರು. ಹಸಿಯಾಗಿರುವಾಗ ಇದಕ್ಕೆ ಹೇಳಿಕೊಳ್ಳುವ ಪರಿಮಳವಿಲ್ಲ. ಒಣಗಿಸಿ ಕೆಲವು ವರ್ಷ ಇಟ್ಟ ಮೇಲೆ ಐರೋನ್ ಎಂಬ ಸಂಯುಕ್ತಗಳು ರೂಪುಗೊಂಡು ಹಿಟ್ಟು ಹಿಟ್ಟಾದ ವಾಸನೆ ಬರುತ್ತದೆ. ಬೇರಿನ ವಯಸ್ಸನ್ನು ಪಾಕ ಹೇಳುವುದಿಲ್ಲ.

4.2. ಗೆಹ್ಲಾ. ಇದು ಮರಾಠಿ ಸೀಮೆಯಲ್ಲಿ ಮೈಗೆ ತಿಕ್ಕುವ ಉಟಣೆಯಲ್ಲಿ ಬಳಕೆಯಾಗುವ ಗವ್ಹಲಾ, ಅಂದರೆ ಮಹಾಲೇಬ್ ಚೆರ್ರಿಯ ಬೀಜದ ತಿರುಳು ಇರಬಹುದು. ವಾಸನೆಯ ದೃಷ್ಟಿಯಿಂದ ಇದು ಹೊಂದುತ್ತದೆ: ಈ ತಿರುಳಿನಲ್ಲಿ ಕೂಮರಿನ್ ಇದೆ, ಕಹಿ ಬಾದಾಮಿಯ ಛಾಯೆಯೂ ಇದೆ. ಆದರೆ ಪ್ರಿಯಂಗು ಎಂಬ ದ್ರವ್ಯಕ್ಕೆ ಈ ತಿರುಳನ್ನೂ ಬೇರೆ ಗಿಡಗಳನ್ನೂ ಬದಲಿಯಾಗಿ ಹೇಳಿರುವುದರಿಂದ ಹೆಸರಿನ ಹೋಲಿಕೆಯನ್ನು ನಿರ್ಣಾಯಕವೆಂದು ಒಪ್ಪುವಂತಿಲ್ಲ. ಸದ್ಯಕ್ಕೆ ಸಂಭಾವ್ಯ ಗುರುತು, ಅಷ್ಟೇ.

5. ಚರ್ಮ

ಅರಗಜ ಪನ್ನೀರಿನಲ್ಲಿ ಕಲಸಿದ ಗಂಧದ ಲೇಪ. ಇಂದಿನ ಅತ್ತರು ಎಣ್ಣೆ. ಈ ಭೇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಗಂಧದೆಣ್ಣೆಯನ್ನು ಆಧಾರವಾಗಿಟ್ಟ ಅತ್ತರಿನಲ್ಲಿ ನಿಧಾನವಾಗಿ ಆರುವ ಸ್ಯಾಂಟಲಾಲ್‌ಗಳೇ (ಅಂತರರಾಷ್ಟ್ರೀಯ ಮಾನಕದಲ್ಲಿ ಆಲ್ಫಾ ಶೇ. 41–55, ಬೀಟಾ ಶೇ. 16–24) ಹೂವಿನ ಹಗುರ ಅಣುಗಳನ್ನು ಹಿಡಿದಿಡುತ್ತವೆ; ಯಾರ ಮೈಯಾದರೂ ಆಧಾರದ್ರವ್ಯ ಒಂದೇ. ಲೇಪದಲ್ಲಿ ಎಣ್ಣೆ ಚೇಗಿನ ಪುಡಿಯೊಳಗೇ ಬಹುಪಾಲು ಉಳಿಯುತ್ತದೆ, ನೀರು ಬೇಗ ಆರುತ್ತದೆ. ಪುನುಗು, ಚುವಾಗಳ ಜಿಡ್ಡನ್ನು ಬಿಟ್ಟರೆ, ಪರಿಮಳ ಕರಗಿ ನಿಲ್ಲಲು ಸಿಗುವುದು ಚರ್ಮದ ಸ್ವಂತ ಜಿಡ್ಡು. ಆದ್ದರಿಂದ ಮೈಯಿಂದ ಮೈಗೆ ಆಗುವ ವ್ಯತ್ಯಾಸ ಎಣ್ಣೆಯತ್ತರಿಗಿಂತ ಅರಗಜದಲ್ಲಿ ಹೆಚ್ಚು ಕಾಣಬೇಕು ಎಂಬುದು ಇಲ್ಲಿಯ ಊಹೆ. ಒಣಚರ್ಮದ ಮೇಲೆ ಗುಲಾಬಿ ಬೇಗ ಹೋಗಿ ಬೇರು, ಬೀಜ, ಗಂಧ ಮೊದಲೇ ಮುಂದೆ ಬರಬಹುದು. ಜಿಡ್ಡುಚರ್ಮದ ಮೇಲೆ ಹೂವು ಇನ್ನಷ್ಟು ಹೊತ್ತು ನಿಲ್ಲಬಹುದು.

ಚರ್ಮದ ಆಮ್ಲೀಯತೆಯೇ (ಪಿಎಚ್ ಸುಮಾರು 4.5–5.5) ವಾಸನೆಯನ್ನು ಬದಲಿಸುತ್ತದೆ ಎಂಬ ಜನಪ್ರಿಯ ವಿವರಣೆಯನ್ನು ಇಲ್ಲಿ ಮುಂದಿಟ್ಟಿಲ್ಲ. ಆ ಅಂತರದಲ್ಲಿ ಸ್ಯಾಂಟಲಾಲ್ ಆಗಲಿ ಕೂಮರಿನ್ ಆಗಲಿ ಕೆಲವು ಗಂಟೆಗಳಲ್ಲಿ ಗಮನಾರ್ಹವಾಗಿ ರೂಪಾಂತರ ಹೊಂದುತ್ತದೆ ಎನ್ನಲು ರಸಾಯನಶಾಸ್ತ್ರದ ಕಾರಣ ಕಾಣುವುದಿಲ್ಲ.

ಉಷ್ಣತೆಯ ಪರಿಣಾಮ ಇದಕ್ಕಿಂತ ಗಟ್ಟಿ. ಚರ್ಮದ ತಾಪಮಾನ 1 ಡಿಗ್ರಿ ಬದಲಾದರೆ ಜಿಡ್ಡಿನ ಸ್ರಾವ ಸುಮಾರು ಶೇ. 10 ಬದಲಾಗುತ್ತದೆ ಎಂದು ಕನ್‌ಲಿಫ್, ಬರ್ಟನ್ ಮತ್ತು ಶುಸ್ಟರ್ 1970ರಲ್ಲಿ ವರದಿ ಮಾಡಿದ್ದಾರೆ. ಆದರೆ ಉಷ್ಣ ಆವಿಯಾಗುವಿಕೆಯನ್ನೂ ಹೆಚ್ಚಿಸುವುದರಿಂದ ನಿವ್ವಳ ಫಲ ಯಾವ ಕಡೆಗೆ ಎಂದು ಮೊದಲೇ ಹೇಳಲಾಗದು.

6. ಮೂಗು

ವ್ಯತ್ಯಾಸದ ಒಂದು ಪಾಲು ಹಚ್ಚಿಕೊಂಡವರ ಚರ್ಮದಲ್ಲಿಲ್ಲ, ಮೂಸುವವರ ಮೂಗಿನಲ್ಲಿದೆ. ಬೀಟಾ-ಅಯನೋನ್ ಎಂಬ ನೇರಳೆಹೂವಿನ ವಾಸನೆಯ ಅಣುವನ್ನು ಗ್ರಹಿಸುವ ಶಕ್ತಿ ಓಆರ್5ಎ1 ಎಂಬ ಜೀನಿನ ಭೇದವನ್ನು ಬಹಳಮಟ್ಟಿಗೆ ಅವಲಂಬಿಸಿದೆ ಎಂದು ಯೇಗರ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಸೂಕ್ಷ್ಮವಾಗಿ ಗ್ರಹಿಸುವವರು ಅದನ್ನು ಹೂವಿನಂತಿದೆ ಎಂದರೆ, ಉಳಿದವರು ಹುಳಿ, ಘಾಟು ಎಂದರು. ಐರೋನ್ ಬೇರೆ ಅಣುವಾದ್ದರಿಂದ ಈ ಫಲಿತವನ್ನು ಅರಗಜಕ್ಕೆ ನೇರವಾಗಿ ಹಚ್ಚುವಂತಿಲ್ಲ. 1893ರಲ್ಲಿ ಟೀಮನ್ ಮತ್ತು ಕ್ರೂಗರ್ ಅಯನೋನ್ ತಯಾರಿಸಿದ ಮೇಲೆ ಬಂದ ಪೌಡರು ವಾಸನೆಯ ಸುಗಂಧಗಳಿಗೆ ಮಾತ್ರ ಅದು ಚೆನ್ನಾಗಿ ಅನ್ವಯಿಸುತ್ತದೆ.

ಪ್ರಾಗ್‌ನ ಲೆನೊಹೊವಾ ಮತ್ತು ಸಂಗಡಿಗರ 2012ರ ಪ್ರಯೋಗವೂ ಇಲ್ಲಿ ಪ್ರಸ್ತುತ. ತಾವೇ ಆರಿಸಿಕೊಂಡ ಸುಗಂಧ ಮೈವಾಸನೆಯೊಡನೆ ಬೆರೆತಾಗ, ಪ್ರಯೋಗಕಾರರು ಕೊಟ್ಟ ಸುಗಂಧದ ಬೆರಕೆಗಿಂತ ಹಿತವೆನಿಸಿತು. ಎರಡು ಸುಗಂಧಗಳನ್ನು ಬಿಡಿಯಾಗಿ ಮೂಸಿದಾಗ ಹಿತದಲ್ಲಿ ಅಂಥ ಭೇದ ಕಾಣಲಿಲ್ಲ. ಅಂಗಡಿಯವರ ಮಾತಿಗೆ ಇಷ್ಟರಮಟ್ಟಿಗೆ ಆಧಾರವಿದೆ.

7. ಋತು, ಸ್ಥಳ, ಹಚ್ಚುವ ಬಗೆ

ಮಾನಸೋಲ್ಲಾಸ ಲೇಪವನ್ನು ಋತುವಿಗೆ ತಕ್ಕಂತೆ ಬದಲಿಸುತ್ತದೆ. ಐನ್‌ನ ಅರಗಜದ ಸಾಲೂ ಬೇಸಗೆಯನ್ನೇ ಹೆಸರಿಸುತ್ತದೆ. ಆ ಸಾಲಿನಲ್ಲಿ ಯಾರ ಮೈಗೆ ಯಾವುದು ಎಂಬ ವಿಂಗಡಣೆ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ, ಗಾಳಿ ಒಣಗಿರುವ ವಿಜಯಪುರದಲ್ಲಿ ಇದು ಸಹಜ ವಿವೇಕವೆನಿಸುತ್ತದೆ: ಒಂದೇ ಮೈಯ ಮೇಲೆ ಶ್ರಾವಣ ಮತ್ತು ವೈಶಾಖಗಳ ನಡುವಿನ ಅಂತರ, ಒಂದೇ ದಿನ ಇಬ್ಬರ ಮೈಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಹುದು.

ಅತ್ತರು ತೊಯ್ಸಿದ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸುವ ವಾಡಿಕೆಯಲ್ಲಿ ಪರಿಮಳದ ಹೆಚ್ಚಿನ ಪಾಲು ಚರ್ಮಕ್ಕೆ ತಾಗುವುದೇ ಇಲ್ಲ. ಮುಂಗೈಗೆ ತೀಡಿಕೊಂಡವರ ಅನುಭವವನ್ನೂ ಹತ್ತಿ ಇಟ್ಟುಕೊಂಡವರ ಅನುಭವವನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸಿದರೆ ಫಲಿತ ತಪ್ಪುತ್ತದೆ.

8. ಪರೀಕ್ಷೆಗೆ ಒಂದು ಸೂಚನೆ

ಅರಗಜವನ್ನೂ ಗಂಧದೆಣ್ಣೆಯ ಅತ್ತರನ್ನೂ ಸಮತೂಕದಲ್ಲಿ ಗಾಜಿನ ಪಟ್ಟಿ, ಹತ್ತಿ, ಮುಂಗೈಯ ಒಳಬದಿ ಈ ಮೂರರ ಮೇಲೆ ಇಟ್ಟು, ಕಾಲು ಗಂಟೆ, ಎರಡು ಗಂಟೆ, ಆರು ಗಂಟೆಗಳಿಗೆ ಮೂಸಬೇಕು. ಮೂಸುವವರಿಗೆ ಅದು ಯಾರ ಕೈ ಎಂಬುದು ತಿಳಿದಿರಬಾರದು. ಅವರ ಐರೋನ್ ಗ್ರಹಿಕೆಯನ್ನು ಮೊದಲೇ ಅಳೆದಿರಬೇಕು. ಗಾಜಿನ ಮೇಲೆ ಇಲ್ಲದ ವ್ಯತ್ಯಾಸ ಕೈಮೇಲೆ ಕಂಡರೆ ಮಾತ್ರ ಅದನ್ನು ಚರ್ಮದ ಲೆಕ್ಕಕ್ಕೆ ಬರೆಯಬಹುದು.

ತಿಕೋಟಾ, ಬಬಲೇಶ್ವರಗಳಲ್ಲಿ ಪರೀಕ್ಷೆ ನಡೆಸುವವರಿಗೆ ಇನ್ನೊಂದು ಎಚ್ಚರ ಬೇಕು. ಒಣದ್ರಾಕ್ಷಿಯ ಹಂಗಾಮಿನಲ್ಲಿ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಮೊದಲನೆಯದು ಕ್ಷಾರ, ಚರ್ಮದ ಜಿಡ್ಡನ್ನು ತೆಗೆಯುತ್ತದೆ. ಎರಡನೆಯದರಲ್ಲಿರುವ ಈಥೈಲ್ ಓಲಿಯೇಟ್ ತಾನೇ ಒಂದು ಎಣ್ಣೆಯಾಗಿ ಕೈಗೆ ಅಂಟುತ್ತದೆ. ಶೆಡ್ಡಿನಲ್ಲಿ ಕೆಲಸ ಮಾಡುವವರ ಮುಂಗೈಯನ್ನು ಆ ದಿನಗಳಲ್ಲಿ ಬಿಟ್ಟು, ಮೊಳಕೈಗಿಂತ ಮೇಲಿನ ಭಾಗವನ್ನು ಆರಿಸಿಕೊಳ್ಳುವುದು ಲೇಸು.