ವಾಯೇಜ್ (ಅಬ್ಬಾ ಆಲ್ಬಮ್)

ಸ್ವೀಡನ್ನಿನ ಪಾಪ್ ತಂಡ ಅಬ್ಬಾದ ಒಂಬತ್ತನೆಯ ಸ್ಟುಡಿಯೊ ಆಲ್ಬಮ್. 2021ರ ನವೆಂಬರ್ 5ರಂದು ಬಿಡುಗಡೆಯಾಯಿತು. ಹಿಂದಿನ ಆಲ್ಬಮ್ 'ದ ವಿಸಿಟರ್ಸ್' ಬಂದದ್ದು 1981ರಲ್ಲಿ. ತಂಡದ ಎರಡೂ ದಾಂಪತ್ಯಗಳು ಮುರಿದು, 1982ರ ಕೊನೆಗೆ ಒಟ್ಟಾಗಿ ಹಾಡುವುದೂ ನಿಂತಿತ್ತು. ಅಗ್ನೆತಾ ಫೆಲ್ಟ್‌ಸ್ಕೋಗ್, ಆನಿ-ಫ್ರಿಡ್ ಲಿಂಗ್‌ಸ್ಟಾಡ್, ಬ್ಯೋರ್ನ್ ಉಲ್ವೇಯಸ್, ಬೆನ್ನಿ ಆಂಡರ್ಸನ್ ಮತ್ತೆ ಸ್ಟಾಕ್‌ಹೋಮ್‌ನ ಸ್ಟುಡಿಯೊದಲ್ಲಿ ಕಲೆತದ್ದು ತಮ್ಮ ಡಿಜಿಟಲ್ ಪ್ರತಿರೂಪಗಳ ಪ್ರದರ್ಶನಕ್ಕೆಂದು ಎರಡು ಹೊಸ ಹಾಡು ಧ್ವನಿಮುದ್ರಿಸಲು. ಅದು ಬೆಳೆದು ಹತ್ತು ಹಾಡುಗಳಾಯಿತು. 'ಜಸ್ಟ್ ಎ ನೋಷನ್' ಹಾಡಿನಲ್ಲಿ ಮಾತ್ರ 1978ರ ಕಂಠಗಳಿಗೆ ಹೊಸ ವಾದ್ಯಸಂಗೀತ ಕೂಡಿದೆ. ಉಳಿದ ಕಡೆ ಗಾಯಕಿಯರ ಸ್ವರ ಮೊದಲಿಗಿಂತ ತಗ್ಗಿದೆ. ಅದನ್ನು ಮರೆಮಾಚದೆ ಹಾಡಿರುವುದೇ ಈ ಆಲ್ಬಮ್ಮಿನ ಹೆಚ್ಚುಗಾರಿಕೆ. ಡಿಜಿಟಲ್ ಪ್ರದರ್ಶನ 2022ರ ಮೇ 27ರಂದು ಲಂಡನ್ನಿನಲ್ಲಿ ಆರಂಭವಾಯಿತು.